ಫಾರ್ಮಾ-ಡಿ ಮುಗಿದ ಮೇಲೆ ರೆಸಿಡೆನ್ಸಿ, ಫೆಲೋಶಿಪ್: ದುಡ್ಡು ಕಟ್ಟುವ ಮೊದಲು ತಿಳಿಯಬೇಕಾದದ್ದು

ಪ್ರಶ್ನೆ ಬಂದದ್ದು ಗೋವಿನಕೋವಿಯ ಓದುಗರೊಬ್ಬರಿಂದ. "ಮಗಳು ದಾವಣಗೆರೆಯಲ್ಲಿ ಫಾರ್ಮಾ-ಡಿ ಐದನೇ ವರ್ಷ ಓದ್ತಿದ್ದಾಳೆ. ಇನ್ನೊಂದು ವರ್ಷ ಇಂಟರ್ನ್‌ಶಿಪ್ ಆದರೆ ಮುಗೀತು. ಅಷ್ಟರಲ್ಲಿ ಯಾರೋ ಫೋನ್ ಮಾಡಿ, ಆರು ತಿಂಗಳ ಆನ್‌ಲೈನ್ ಫೆಲೋಶಿಪ್ ಇದೆ, ಅಮೆರಿಕದ ರೆಸಿಡೆನ್ಸಿಗೆ ಸಮ, ಸೀಟು ಕಡಿಮೆ, ಈ ವಾರವೇ ಫೀಸು ಕಟ್ಟಿ ಅಂತಿದ್ದಾರೆ. ಈಗಾಗಲೇ ಬ್ಯಾಂಕಿನ ಸಾಲ ತಲೆ ಮೇಲಿದೆ. ಕಟ್ಟೋದಾ, ಬಿಡೋದಾ?"

ಕಟ್ಟಬೇಡಿ ಎಂಬುದು ನಮ್ಮ ಉತ್ತರ. ಅಮೆರಿಕದ ರೆಸಿಡೆನ್ಸಿಗೆ ಸಮನಾದ ಆನ್‌ಲೈನ್ ಕೋರ್ಸ್ ಇರಲು ಸಾಧ್ಯವಿಲ್ಲ. ಏಕೆಂದರೆ ರೆಸಿಡೆನ್ಸಿ ಎಂಬುದು ಕೋರ್ಸೇ ಅಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ನಿಂತು, ಸಂಬಳ ಪಡೆದು ಮಾಡುವ ತರಬೇತಿಯ ಕೆಲಸ. ಆದರೆ ಇಷ್ಟು ಹೇಳಿ ಸುಮ್ಮನಾದರೆ ಆ ಹುಡುಗಿಗೆ ಪ್ರಯೋಜನವಿಲ್ಲ. ಪದವಿ ಆದ ಮೇಲೆ ಅವಳ ಮುಂದೆ ನಿಜವಾಗಿ ಏನಿದೆ, ಅದಕ್ಕೆ ಅರ್ಜಿ ಹಾಕುವುದು ಹೇಗೆ ಎಂಬುದನ್ನೂ ನೋಡೋಣ.

ಮೊದಲ ಗೊಂದಲ: ರೆಸಿಡೆನ್ಸಿ ಅಂದರೆ ಯಾವುದು?

ಹೊನ್ನಾಳಿ, ನ್ಯಾಮತಿ ಕಡೆ ಫಾರ್ಮಸಿ ಎಂದರೆ ಇವತ್ತಿಗೂ ಮೆಡಿಕಲ್ ಶಾಪ್. ಎರಡು ವರ್ಷದ ಡಿ.ಫಾರ್ಮಾ, ನಾಲ್ಕು ವರ್ಷದ ಬಿ.ಫಾರ್ಮಾ ಜನಕ್ಕೆ ಗೊತ್ತು. ಫಾರ್ಮಾ-ಡಿ ಹೊಸದು. ಭಾರತೀಯ ಫಾರ್ಮಸಿ ಕೌನ್ಸಿಲ್ ಇದರ ನಿಯಮಾವಳಿಯನ್ನು ಹೊರಡಿಸಿದ್ದು 2008ರಲ್ಲಿ. ಪಿಯುಸಿ ನಂತರ ಆರು ವರ್ಷ: ಐದು ವರ್ಷ ಪಾಠ, ಆರನೆಯ ವರ್ಷ ಪೂರ್ತಿ ಆಸ್ಪತ್ರೆ.

ಗೊಂದಲ ಹುಟ್ಟುವುದು ಈ ಆರನೆಯ ವರ್ಷದಲ್ಲಿಯೇ. ನಿಯಮಾವಳಿ ಅದನ್ನು 'ಇಂಟರ್ನ್‌ಶಿಪ್ ಅಥವಾ ರೆಸಿಡೆನ್ಸಿ ತರಬೇತಿ' ಎಂದು ಕರೆದಿದೆ. ಆರು ತಿಂಗಳು ಜನರಲ್ ಮೆಡಿಸಿನ್, ಉಳಿದ ಆರು ತಿಂಗಳಲ್ಲಿ ಮೂರು ಬೇರೆ ವಿಭಾಗಗಳಲ್ಲಿ ಎರಡೆರಡು ತಿಂಗಳು. ಅಂದರೆ ನಮ್ಮಲ್ಲಿ ರೆಸಿಡೆನ್ಸಿ ಎಂಬ ಹೆಸರಿನ ತರಬೇತಿ ಪದವಿಯ ಒಳಗೇ ಇದೆ. ಅದು ಮುಗಿಯದೆ ಪದವಿಯೇ ಇಲ್ಲ.

ಅಮೆರಿಕದಲ್ಲಿ ಇದೇ ಪದಕ್ಕೆ ಬೇರೆ ಅರ್ಥ. ಅಲ್ಲಿ ರೆಸಿಡೆನ್ಸಿ ಶುರುವಾಗುವುದೇ ಪದವಿ ಮುಗಿದ ಮೇಲೆ. ಮೊದಲ ವರ್ಷದ ರೆಸಿಡೆನ್ಸಿ ಎಲ್ಲ ಬಗೆಯ ರೋಗಿಗಳ ನಡುವೆ. ಬೇಕಾದವರು ಎರಡನೇ ವರ್ಷ ಕ್ಯಾನ್ಸರ್, ತೀವ್ರ ನಿಗಾ ಘಟಕ, ಮಕ್ಕಳ ವಿಭಾಗ ಹೀಗೆ ಒಂದನ್ನು ಹಿಡಿದು ಮುಂದುವರಿಯುತ್ತಾರೆ. ಇದರ ಬೇರು ಹಳೆಯದು. 1927ರಲ್ಲಿ ಹಾರ್ವೆ ವಿಟ್ನಿ ಎಂಬ ಫಾರ್ಮಸಿಸ್ಟ್ ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಇಂಥ ತರಬೇತಿಯನ್ನು ಆರಂಭಿಸಿದರು. ಹಾಗಾಗಿ ಇಲ್ಲಿ 'ರೆಸಿಡೆನ್ಸಿ ಆಗಿದೆ' ಎನ್ನುವ ಅಭ್ಯರ್ಥಿಯನ್ನು ಅಲ್ಲಿಯವರು ವಿದ್ಯಾರ್ಥಿಯಾಗಿ ಆಸ್ಪತ್ರೆ ಕಂಡವರು ಎಂದು ನೋಡುತ್ತಾರೆಯೇ ಹೊರತು ರೆಸಿಡೆನ್ಸಿ ಮುಗಿಸಿದವರು ಎಂದಲ್ಲ. ಅರ್ಜಿಯಲ್ಲಿ ಆರನೆಯ ವರ್ಷವನ್ನು 'ಇಂಟರ್ನ್‌ಶಿಪ್' ಎಂದೇ ಬರೆಯುವುದು ಒಳ್ಳೆಯದು.

'ಫೆಲೋಶಿಪ್' ಇನ್ನೂ ಸಡಿಲವಾದ ಪದ. ಪಿಎಚ್‌.ಡಿ ಮಾಡುವವರಿಗೆ ಸರ್ಕಾರ ಕೊಡುವ ಮಾಸಿಕ ಹಣವೂ ಫೆಲೋಶಿಪ್, ಔಷಧ ಕಂಪನಿಯಲ್ಲಿ ಒಂದೆರಡು ವರ್ಷದ ತರಬೇತಿಯೂ ಫೆಲೋಶಿಪ್, ವಾರಾಂತ್ಯದ ಆನ್‌ಲೈನ್ ತರಗತಿಗೂ ಅದೇ ಹೆಸರು. ಈ ಪದವನ್ನು ಯಾರು ಬೇಕಾದರೂ ಬೋರ್ಡಿನ ಮೇಲೆ ಬರೆಸಬಹುದಾದ್ದರಿಂದ ಹೆಸರು ನೋಡಿ ಏನನ್ನೂ ತೀರ್ಮಾನಿಸಲಾಗದು. ಹಣ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು ನೋಡಬೇಕು. ಅವರು ನಿಮಗೆ ಕೊಡುತ್ತಾರೆಂದರೆ ಅದು ಹುದ್ದೆ. ನೀವು ಅವರಿಗೆ ಕೊಡಬೇಕೆಂದರೆ ಅದು ಕೋರ್ಸ್. ಕೋರ್ಸ್ ಎಂದ ಮಾತ್ರಕ್ಕೆ ಮೋಸವೆಂದೇನಲ್ಲ. ಫೀಸು ತೆಗೆದುಕೊಂಡು ಚೆನ್ನಾಗಿ ಕಲಿಸುವ ಆಸ್ಪತ್ರೆಗಳೂ ಇರುತ್ತವೆ. ಆದರೆ ಆಗ ಕೇಳಬೇಕಾದ ಪ್ರಶ್ನೆಗಳೇ ಬೇರೆ: ಪ್ರಮಾಣಪತ್ರ ಕೊಡುವುದು ಯಾವ ವಿಶ್ವವಿದ್ಯಾಲಯ? ಯಾವ ಆಸ್ಪತ್ರೆಯ ಯಾವ ವಾರ್ಡಿನಲ್ಲಿ ಎಷ್ಟು ದಿನ? ಹಿಂದಿನ ವರ್ಷ ಮುಗಿಸಿದವರ ಜೊತೆ ಮಾತಾಡಬಹುದೇ? 'ಈ ವಾರವೇ ಕಟ್ಟಿ' ಎನ್ನುವವರು ಸಾಮಾನ್ಯವಾಗಿ ಮೂರನೆಯ ಪ್ರಶ್ನೆಗೆ ತಡವರಿಸುತ್ತಾರೆ.

ಅಷ್ಟಕ್ಕೂ ವಾರ್ಡಿನಲ್ಲಿ ಇವರ ಕೆಲಸವೇನು?

ಮನೆಯವರಿಗೆ ಇದನ್ನು ವಿವರಿಸುವುದೇ ಅನೇಕ ವಿದ್ಯಾರ್ಥಿಗಳಿಗೆ ಕಷ್ಟ. 'ಡಾಕ್ಟ್ರೂ ಅಲ್ಲ, ನರ್ಸೂ ಅಲ್ಲ, ಅಂಗಡೀಲೂ ಕೂರಲ್ಲ, ಮತ್ತೇನು ಮಾಡ್ತೀಯ?' ಎಂದು ಕೇಳುತ್ತಾರೆ.

ಒಂದು ಉದಾಹರಣೆ ನೋಡಿ. ಹೃದಯದ ಕವಾಟ ಬದಲಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತಿನ್ನುತ್ತಿರುತ್ತಾರೆ. ಅವರಿಗೆ ಭೇದಿಯಾಗಿ ಬೇರೊಬ್ಬ ವೈದ್ಯರು ಮೆಟ್ರೊನಿಡಜೋಲ್ ಬರೆಯುತ್ತಾರೆ. ಎರಡೂ ಸಾಮಾನ್ಯ ಮಾತ್ರೆಗಳೇ. ಆದರೆ ವಾರ್ಫರಿನ್ ಅನ್ನು ದೇಹ ಕರಗಿಸಿ ಹೊರಹಾಕುವ ಕೆಲಸವನ್ನು ಮೆಟ್ರೊನಿಡಜೋಲ್ ನಿಧಾನಗೊಳಿಸುತ್ತದೆ. ಅದೇ ಡೋಸ್ ಈಗ ಹೆಚ್ಚಿನ ಡೋಸ್‌ನಂತೆ ಕೆಲಸ ಮಾಡಿ ರಕ್ತಸ್ರಾವಕ್ಕೆ ದಾರಿಯಾಗಬಹುದು. ನೂರು ಹಾಸಿಗೆಗಳ ನಡುವೆ ಓಡಾಡುವ ವೈದ್ಯರ ಕಣ್ಣಿಗೆ ಇದು ತಪ್ಪಬಹುದು. ಕೇಸ್ ಶೀಟಿನಲ್ಲಿರುವ ಪ್ರತಿಯೊಂದು ಔಷಧವನ್ನೂ, ಮೂತ್ರಪಿಂಡದ ವರದಿಯನ್ನೂ, ರೋಗಿ ಮನೆಯಿಂದ ತಂದ ಮಾತ್ರೆಗಳ ಚೀಲವನ್ನೂ ಒಟ್ಟಿಗೆ ಇಟ್ಟು ನೋಡಿ, ವೈದ್ಯರ ಗಮನಕ್ಕೆ ತರುವವರು ಕ್ಲಿನಿಕಲ್ ಫಾರ್ಮಸಿಸ್ಟ್. ಅಂದಹಾಗೆ, ಫಾರ್ಮಾ-ಡಿ ಆದವರು ತಾವೇ ಔಷಧ ಬರೆದುಕೊಡಬಹುದು ಎಂಬ ಮಾತು ಸುಳ್ಳು. ಔಷಧ ಬರೆಯುವ ಅಧಿಕಾರ ನೋಂದಾಯಿತ ವೈದ್ಯರದ್ದೇ.

ಕರ್ನಾಟಕಕ್ಕೆ ಈ ವಿದ್ಯೆ ಫಾರ್ಮಾ-ಡಿಗಿಂತ ಮೊದಲೇ ಬಂದಿತ್ತು. ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು 1990ರ ದಶಕದ ದ್ವಿತೀಯಾರ್ಧದಲ್ಲೇ, ಆಸ್ಟ್ರೇಲಿಯಾದ ಪರಿಣತರ ನೆರವಿನಿಂದ, ಆಸ್ಪತ್ರೆಯೊಳಗಿನ ಫಾರ್ಮಸಿ ಅಭ್ಯಾಸವನ್ನು ಸ್ನಾತಕೋತ್ತರ ಮಟ್ಟದಲ್ಲಿ ಕಲಿಸತೊಡಗಿತು. ಅಲ್ಲಿನ ಜಿ. ಪಾರ್ಥಸಾರಥಿ ಮತ್ತು ವಿದೇಶಿ ಸಹೋದ್ಯೋಗಿಗಳು 2004ರಲ್ಲಿ ಸಂಪಾದಿಸಿದ ಪಠ್ಯಪುಸ್ತಕವನ್ನು ಇಂದಿನ ವಿದ್ಯಾರ್ಥಿಗಳೂ ಓದುತ್ತಾರೆ. ಹಾಗಿದ್ದರೂ ವಾರ್ಡಿನಲ್ಲಿ ಸಂಬಳದ ಕ್ಲಿನಿಕಲ್ ಫಾರ್ಮಸಿಸ್ಟ್ ಹುದ್ದೆಗಳು ಪದವೀಧರರ ಸಂಖ್ಯೆಗೆ ತಕ್ಕಂತೆ ಬೆಳೆದಿಲ್ಲ. ಫೋನ್ ಮಾಡಿ ಫೀಸು ಕೇಳುವವರ ವ್ಯಾಪಾರ ನಡೆಯುವುದು ಈ ಕೊರತೆಯ ಮೇಲೆ.

ಇಲ್ಲಿಯೇ ಇರುವ ದಾರಿಗಳು

ಭಾರತದಲ್ಲಿ ಪದವಿ ನಂತರದ ಫಾರ್ಮಸಿ ರೆಸಿಡೆನ್ಸಿಗೆ ನೀಟ್‌ನಂಥ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯಾಗಲಿ, ಕೇಂದ್ರೀಕೃತ ಕೌನ್ಸೆಲಿಂಗ್ ಆಗಲಿ ಇಲ್ಲ. 'ನ್ಯಾಷನಲ್ ಫಾರ್ಮಸಿ ರೆಸಿಡೆನ್ಸಿ ಸೀಟು ಕೊಡಿಸುತ್ತೇವೆ' ಎಂದು ಯಾರಾದರೂ ಹೇಳಿದರೆ ಅಲ್ಲಿಗೆ ಮಾತು ಮುಗಿಸಬಹುದು. ದೊಡ್ಡ ಆಸ್ಪತ್ರೆಗಳು ತಮ್ಮ ತಮ್ಮ ಮಟ್ಟದಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್ ಅಥವಾ ಟ್ರೈನಿ ಹುದ್ದೆಗೆ ಕರೆಯುತ್ತವೆ. ಅದನ್ನು ಆಸ್ಪತ್ರೆಯ ಅಧಿಕೃತ ಜಾಲತಾಣದಲ್ಲಿ ನೋಡಿ, ನೇರವಾಗಿ ಅರ್ಜಿ ಹಾಕಬೇಕು.

ಹೆಚ್ಚು ಜನರ ಗಮನಕ್ಕೆ ಬಾರದ ಇನ್ನೊಂದು ದಾರಿ, ಔಷಧಗಳ ಅಡ್ಡಪರಿಣಾಮಗಳ ಮೇಲೆ ಕಣ್ಣಿಡುವ ರಾಷ್ಟ್ರೀಯ ಕಾರ್ಯಕ್ರಮ. 2010ರಲ್ಲಿ ಶುರುವಾದ ಇದನ್ನು ಗಾಜಿಯಾಬಾದ್‌ನ ಭಾರತೀಯ ಫಾರ್ಮಕೋಪಿಯ ಆಯೋಗ ನಡೆಸುತ್ತದೆ. ಮೆಡಿಕಲ್ ಕಾಲೇಜುಗಳಲ್ಲಿ ಇದರ ಕೇಂದ್ರಗಳಿವೆ, ಆ ಕೇಂದ್ರಗಳಲ್ಲಿ ಅಸೋಸಿಯೇಟ್ ಹುದ್ದೆಗಳಿರುತ್ತವೆ. ಯಾವುದೋ ಮಾತ್ರೆ ತಿಂದು ಮೈಮೇಲೆ ಗಂಧೆ ಎದ್ದರೆ ಸಾಮಾನ್ಯ ಜನರೂ 1800-180-3024ಕ್ಕೆ ಉಚಿತ ಕರೆ ಮಾಡಿ ತಿಳಿಸಬಹುದು. ಆ ವರದಿಯನ್ನು ಓದಿ, ತೂಗಿ, ದಾಖಲಿಸುವ ಕೆಲಸವನ್ನು ಇಂಥ ಪದವೀಧರರು ಮಾಡುತ್ತಾರೆ. ಇದೇ ಅನುಭವಕ್ಕೆ ಬೆಂಗಳೂರಿನ ಕಂಪನಿಗಳಲ್ಲೂ ಬೆಲೆಯಿದೆ.

ಸಂಶೋಧನೆ ಇಷ್ಟವಿದ್ದರೆ ಫಾರ್ಮಾ-ಡಿ ಆದವರು ಪಿಎಚ್‌.ಡಿಗೆ ಸೇರಬಹುದು. ಕೇಂದ್ರ ಸರ್ಕಾರದ ಅನುದಾನದ ಜೂನಿಯರ್ ರಿಸರ್ಚ್ ಫೆಲೋಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಅದಕ್ಕೆ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಬೇಕಾಗುತ್ತದೆ. ಯಾವ ಪರೀಕ್ಷೆ ನಡೆಯುತ್ತದೆ ಎಂಬುದು ಆಯಾ ಪ್ರಕಟಣೆಯಲ್ಲಿರುತ್ತದೆ. ಬಿ.ಫಾರ್ಮಾ ಓದಿದವರ ದಾರಿ ಜಿಪ್ಯಾಟ್. ಅದನ್ನು ಬರೆದು ಎಂ.ಫಾರ್ಮಾ ಸೇರಿದರೆ ತಿಂಗಳಿಗೆ 12,400 ರೂಪಾಯಿಯ ವಿದ್ಯಾರ್ಥಿವೇತನಕ್ಕೆ ಅರ್ಹರಾಗಬಹುದು. 2024ರಿಂದ ಜಿಪ್ಯಾಟ್ ನಡೆಸುತ್ತಿರುವುದು ವೈದ್ಯಕೀಯ ವಿಜ್ಞಾನಗಳ ರಾಷ್ಟ್ರೀಯ ಪರೀಕ್ಷಾ ಮಂಡಳಿ.

ಅಮೆರಿಕಕ್ಕೆ ಹೋಗಲೇಬೇಕೆಂದರೆ

ಇಲ್ಲಿನ ಫಾರ್ಮಾ-ಡಿಯೂ ಅಲ್ಲಿನ ಫಾರ್ಮಾ-ಡಿಯೂ ಒಂದೇ ಎಂಬ ನಂಬಿಕೆ ಬಲವಾಗಿದೆ. ಹೆಸರು ಒಂದೇ ಹೌದು, ಮಾನ್ಯತೆ ಒಂದೇ ಅಲ್ಲ. ಅಲ್ಲಿನ ಮಾನ್ಯತಾ ಮಂಡಳಿಯ ಅಡಿಯಲ್ಲಿ ಓದದವರು ಮೊದಲು ವಿದೇಶಿ ಪದವೀಧರರ ಸಮಾನತಾ ಪ್ರಮಾಣಪತ್ರ ಪಡೆಯಬೇಕು. ಅದನ್ನು ಕೊಡುವುದು ಅಲ್ಲಿನ ಫಾರ್ಮಸಿ ಮಂಡಳಿಗಳ ರಾಷ್ಟ್ರೀಯ ಸಂಘ. ದಾಖಲೆ ಪರಿಶೀಲನೆ, ಇಂಗ್ಲಿಷ್ ಪರೀಕ್ಷೆ, ವಿಷಯ ಪರೀಕ್ಷೆ, ಮೂರೂ ಆಗಬೇಕು. 2003ರ ಜನವರಿಯ ನಂತರ ಪದವಿ ಪಡೆದವರಿಗೆ ಕನಿಷ್ಠ ಐದು ವರ್ಷದ ಪಠ್ಯಕ್ರಮ ಕಡ್ಡಾಯ. ನಾಲ್ಕು ವರ್ಷದ ಬಿ.ಫಾರ್ಮಾ ಒಂದರಿಂದ ಈ ಬಾಗಿಲು ತೆರೆಯದು. ಆರು ವರ್ಷದ ಫಾರ್ಮಾ-ಡಿಗೆ ಆ ತೊಡಕಿಲ್ಲ. ಆದರೆ ಈ ಪ್ರಮಾಣಪತ್ರ ಸಿಕ್ಕ ಮಾತ್ರಕ್ಕೆ ಲೈಸೆನ್ಸ್ ಸಿಕ್ಕಂತಲ್ಲ. ಆಯಾ ರಾಜ್ಯ ಕೇಳುವಷ್ಟು ಗಂಟೆಗಳ ಇಂಟರ್ನ್‌ಶಿಪ್ ಮತ್ತು ಲೈಸೆನ್ಸ್ ಪರೀಕ್ಷೆ ಬಾಕಿಯಿರುತ್ತವೆ. ಮಾನ್ಯತೆ ಪಡೆದ ರೆಸಿಡೆನ್ಸಿಗಳು ಅಲ್ಲಿನ ಪದವಿ ಅಥವಾ ಈ ಸಮಾನತಾ ಪ್ರಮಾಣಪತ್ರ, ಜೊತೆಗೆ ಲೈಸೆನ್ಸ್ ಪಡೆಯುವ ಅರ್ಹತೆ, ಇಷ್ಟನ್ನು ಕೇಳುತ್ತವೆ. ಆರು ತಿಂಗಳ ಆನ್‌ಲೈನ್ ಫೆಲೋಶಿಪ್ ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ವೀಸಾ ವಿಷಯ ಬೇರೆ. ವೀಸಾಗೆ ನಾವು ಪ್ರಾಯೋಜಕರಾಗುವುದಿಲ್ಲ ಎಂದು ಹಲವು ಆಸ್ಪತ್ರೆಗಳು ಪ್ರಕಟಣೆಯಲ್ಲೇ ಬರೆದಿರುತ್ತವೆ. ಅರ್ಜಿ ಶುಲ್ಕ ಕಟ್ಟುವ ಮೊದಲು ಓದಬೇಕಾದ ಸಾಲು ಅದು. ಕಂಪನಿಗಳ ಫೆಲೋಶಿಪ್‌ಗಳು, ಉದಾಹರಣೆಗೆ 1984ರಿಂದ ನಡೆದುಬಂದಿರುವ ರಟ್ಗರ್ಸ್ ವಿಶ್ವವಿದ್ಯಾಲಯದ್ದು, ಸಾಮಾನ್ಯವಾಗಿ ಅಲ್ಲಿನ ಪದವೀಧರರನ್ನೇ ಗಮನದಲ್ಲಿಟ್ಟುಕೊಂಡವು.

ಅರ್ಜಿಯ ಕ್ಯಾಲೆಂಡರ್ ಹೀಗಿದೆ: ನವೆಂಬರಿನಲ್ಲಿ ಆನ್‌ಲೈನ್ ಅರ್ಜಿ ತೆರೆಯುತ್ತದೆ, ಡಿಸೆಂಬರಿನಲ್ಲಿ ಫಾರ್ಮಸಿಸ್ಟರ ದೊಡ್ಡ ಸಮ್ಮೇಳನ, ಹೊಸ ವರ್ಷದ ಆಸುಪಾಸಿಗೆ ಬಹಳಷ್ಟು ಕೊನೆಯ ದಿನಾಂಕಗಳು, ಜನವರಿ, ಫೆಬ್ರುವರಿ ಸಂದರ್ಶನ, ಮಾರ್ಚ್‌ನಲ್ಲಿ ಫಲಿತಾಂಶ. ಸ್ಥಾನಗಳಿಗಿಂತ ಅರ್ಜಿದಾರರು ಹೆಚ್ಚು. ಅಲ್ಲಿಯೇ ಓದಿದವರಲ್ಲೂ ಅನೇಕರು ಬರಿಗೈಯಲ್ಲಿ ಉಳಿಯುತ್ತಾರೆ.

ಸ್ಥಾನ ಹಂಚುವ ಲೆಕ್ಕ ಮಾತ್ರ ಕುತೂಹಲದ್ದು. ಸಿಇಟಿ ಆಪ್ಷನ್ ಎಂಟ್ರಿ ಮಾಡಿದ ಎಲ್ಲರಿಗೂ ಈ ಆತಂಕ ಗೊತ್ತು: 'ದೊಡ್ಡ ಕಾಲೇಜನ್ನು ಮೊದಲು ಹಾಕಿ ಅದು ಸಿಗದಿದ್ದರೆ, ಎರಡನೆಯದೂ ಕೈತಪ್ಪುತ್ತದೆಯೇ?' ಸಿಇಟಿಯಲ್ಲಿ ಎಲ್ಲ ಕಾಲೇಜಿಗೂ ರ್‍ಯಾಂಕ್ ಪಟ್ಟಿ ಒಂದೇ. ಅಮೆರಿಕದ ಪದ್ಧತಿಯಲ್ಲಿ ಅಭ್ಯರ್ಥಿ ತನಗೆ ಇಷ್ಟವಾದ ಆಸ್ಪತ್ರೆಗಳ ಪಟ್ಟಿ ಕೊಡುತ್ತಾನೆ, ಪ್ರತಿಯೊಂದು ಆಸ್ಪತ್ರೆಯೂ ತನಗೆ ಬೇಕಾದ ಅಭ್ಯರ್ಥಿಗಳ ಪಟ್ಟಿ ಕೊಡುತ್ತದೆ. ಕಂಪ್ಯೂಟರ್ ಎರಡನ್ನೂ ಹೊಂದಿಸುತ್ತದೆ.

ಒಂದೊಂದೇ ಸ್ಥಾನವಿರುವ ಎರಡು ಆಸ್ಪತ್ರೆಗಳಿವೆ ಎಂದುಕೊಳ್ಳೋಣ: ಉತ್ತರ, ದಕ್ಷಿಣ. ಅಭ್ಯರ್ಥಿ 'ಕ'ಗೆ ಉತ್ತರ ಮೊದಲು, ದಕ್ಷಿಣ ಆಮೇಲೆ. 'ಖ'ಗೆ ದಕ್ಷಿಣವೇ ಮೊದಲು. 'ಗ'ಗೆ ಉತ್ತರ ಮೊದಲು. ಉತ್ತರದವರಿಗೆ 'ಕ'ಗಿಂತ 'ಗ' ಇಷ್ಟ. ದಕ್ಷಿಣದವರಿಗೆ 'ಖ'ಗಿಂತ 'ಕ' ಇಷ್ಟ. ಮೊದಲ ಸುತ್ತಿನಲ್ಲಿ ದಕ್ಷಿಣದ ಸ್ಥಾನ ತಾತ್ಕಾಲಿಕವಾಗಿ 'ಖ'ಗೆ ಹೋಗುತ್ತದೆ. ಉತ್ತರದಲ್ಲಿ 'ಗ' ನಿಲ್ಲುತ್ತಾರೆ, 'ಕ' ಹೊರಬೀಳುತ್ತಾರೆ. ಈಗ ಕಂಪ್ಯೂಟರ್ 'ಕ'ರನ್ನು ದಕ್ಷಿಣಕ್ಕೆ ಕಳಿಸುತ್ತದೆ. ಅಲ್ಲಿ 'ಖ' ಆಗಲೇ ಕೂತಿದ್ದರೂ, ದಕ್ಷಿಣದವರ ಪಟ್ಟಿಯಲ್ಲಿ 'ಕ' ಮೇಲಿರುವುದರಿಂದ ಸ್ಥಾನ 'ಕ'ಗೆ ಸಿಗುತ್ತದೆ. ದಕ್ಷಿಣವನ್ನು ಎರಡನೆಯದಾಗಿ ಬರೆದಿದ್ದರಿಂದ 'ಕ' ಏನನ್ನೂ ಕಳೆದುಕೊಳ್ಳಲಿಲ್ಲ. ಯಾವ ಸ್ಥಾನವೂ ಕೊನೆಯವರೆಗೆ ಖಾಯಂ ಅಲ್ಲ ಎಂಬುದೇ ಇದರ ಗುಟ್ಟು.

ಈ ಲೆಕ್ಕದ ಮೂಲವನ್ನು 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಎಂಬ ಗಣಿತಜ್ಞರು ಬರೆದರು. ಅದನ್ನು ವೈದ್ಯರ ರೆಸಿಡೆನ್ಸಿಗೆ ಒಗ್ಗಿಸಿದವರಲ್ಲಿ ಪ್ರಮುಖರಾದ ಆಲ್ವಿನ್ ರಾತ್ ಅವರಿಗೂ ಶಾಪ್ಲಿಗೂ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಹಾಗಾಗಿ ಲೆಕ್ಕಾಚಾರ ಹಾಕಿ ಪಟ್ಟಿ ತಿರುಚುವುದರಿಂದ ಅಭ್ಯರ್ಥಿಗೆ ಲಾಭವಿಲ್ಲ. ನಿಜವಾಗಿ ಇಷ್ಟವಾದದ್ದನ್ನು ಇಷ್ಟವಾದ ಕ್ರಮದಲ್ಲೇ ಬರೆಯಬೇಕು. ಹೋಗಲು ಮನಸ್ಸಿಲ್ಲದ ಆಸ್ಪತ್ರೆಯನ್ನು ಪಟ್ಟಿಗೆ ಸೇರಿಸಲೇಬಾರದು, ಏಕೆಂದರೆ ಹೊಂದಿಕೆಯಾದ ಮೇಲೆ ಎರಡೂ ಕಡೆಯವರು ಅದಕ್ಕೆ ಬದ್ಧರು.

ಅರ್ಜಿಗೆ ಬೇಕಾದ ಸರಕು ಸಿಗುವುದು ಆರನೆಯ ವರ್ಷದಲ್ಲಿ

ಮೈಸೂರಿಗೆ ಹಾಕಲಿ, ಮಿಷಿಗನ್ನಿಗೆ ಹಾಕಲಿ, ಅರ್ಜಿ ಓದುವವರು ಹುಡುಕುವುದು ಒಂದನ್ನೇ: ಈ ವ್ಯಕ್ತಿ ವಾರ್ಡಿನಲ್ಲಿ ಏನು ಮಾಡಿದ್ದಾರೆ? 'ನನಗೆ ರೋಗಿಗಳ ಸೇವೆಯಲ್ಲಿ ಅಪಾರ ಆಸಕ್ತಿ' ಎಂದು ಎಲ್ಲರೂ ಬರೆಯುತ್ತಾರೆ. 'ಮೂತ್ರಪಿಂಡ ದುರ್ಬಲವಾಗಿದ್ದ ರೋಗಿಯ ಆ್ಯಂಟಿಬಯೋಟಿಕ್ ಡೋಸ್ ಹೆಚ್ಚಾಗಿದೆ ಎಂದು ಗುರುತಿಸಿದೆ, ವೈದ್ಯರು ಒಪ್ಪಿ ಬದಲಿಸಿದರು' ಎಂದು ಬರೆಯಲು ಅದನ್ನು ಮಾಡಿರಬೇಕು, ಮಾಡಿದ್ದನ್ನು ಅವತ್ತೇ ಬರೆದಿಟ್ಟಿರಬೇಕು. ಇಂಟರ್ನ್‌ಶಿಪ್‌ನ ಮೊದಲ ದಿನದಿಂದ ಒಂದು ನೋಟ್‌ಬುಕ್ ಇಡಿ: ಏನು ಸಮಸ್ಯೆ ಕಂಡಿತು, ಏನು ಸಲಹೆ ಕೊಟ್ಟಿರಿ, ವೈದ್ಯರು ಒಪ್ಪಿದರೇ. ರೋಗಿಯ ಹೆಸರು, ಆಸ್ಪತ್ರೆ ಸಂಖ್ಯೆ ಅದರಲ್ಲಿ ಬೇಡ. ವರ್ಷದ ಕೊನೆಗೆ ಎಣಿಸಿದರೆ ನಿಮ್ಮದೇ ಅಂಕಿಅಂಶ ಕೈಯಲ್ಲಿರುತ್ತದೆ.

ಕನ್ನಡ ಮಾಧ್ಯಮದಿಂದ ಬಂದವರು ಇಲ್ಲಿ ತಮ್ಮ ಬಲವನ್ನೇ ಮುಚ್ಚಿಡುವುದನ್ನು ನಾವು ನೋಡಿದ್ದೇವೆ. ಜಗಳೂರಿನಿಂದ ಬಂದ ಅಜ್ಜಿಗೆ ಇನ್‌ಹೇಲರ್ ಎಳೆದುಕೊಳ್ಳುವ ಬಗೆಯನ್ನು, 'ಸಕ್ಕರೆ ಕಮ್ಮಿ ಆದ್ರೆ ಬೆವರು ಬರ್ತದೆ, ಕೈ ನಡುಗ್ತದೆ, ಆಗ ತಡ ಮಾಡದೆ ಬೆಲ್ಲವೋ ಸಕ್ಕರೆಯೋ ಬಾಯಿಗೆ ಹಾಕ್ಕೊಳ್ಳಿ' ಎಂಬ ಮಾತನ್ನು ಅವರ ಭಾಷೆಯಲ್ಲೇ ಹೇಳಿ, ಅವರಿಂದ ಮತ್ತೆ ಹೇಳಿಸಿ ಖಾತ್ರಿ ಮಾಡಿಕೊಳ್ಳುವುದು ಸಣ್ಣ ಕೌಶಲವಲ್ಲ. ಅದನ್ನು ಅರ್ಜಿಯಲ್ಲಿ ಬರೆಯಿರಿ.

ಶಿಫಾರಸು ಪತ್ರದ ವಿಷಯದಲ್ಲಿ ನಮ್ಮ ಕಾಲೇಜುಗಳ ರೂಢಿ ಎಲ್ಲರಿಗೂ ಗೊತ್ತಿರುವುದೇ: 'ನೀನೇ ಟೈಪ್ ಮಾಡ್ಕೊಂಡು ಬಾ, ಸಹಿ ಹಾಕ್ತೀನಿ.' ಅಮೆರಿಕದ ಅರ್ಜಿಗೆ ಇದು ನಡೆಯದು. ಶಿಫಾರಸು ಮಾಡುವವರಿಗೇ ಇಮೇಲ್ ಹೋಗುತ್ತದೆ, ಅವರೇ ಪ್ರಶ್ನೆಗಳಿಗೆ ಉತ್ತರಿಸಿ ನೇರವಾಗಿ ಸಲ್ಲಿಸಬೇಕು. ಇಲ್ಲಿನ ಅರ್ಜಿಗೂ, ದೊಡ್ಡ ಹುದ್ದೆಯಲ್ಲಿದ್ದು ನಿಮ್ಮ ಮುಖ ನೆನಪಿಲ್ಲದವರಿಗಿಂತ, ದಿನಾ ರೌಂಡ್ಸ್‌ನಲ್ಲಿ ನಿಮ್ಮನ್ನು ಕಂಡ ಮೇಲ್ವಿಚಾರಕರ ಪತ್ರವೇ ಉಪಯೋಗಕ್ಕೆ ಬರುತ್ತದೆ. ಕೊನೆಯ ದಿನಾಂಕಕ್ಕೆ ಕನಿಷ್ಠ ಒಂದು ತಿಂಗಳು ಮೊದಲೇ ಕೇಳಿ.

ಸರ್ಟಿಫಿಕೇಟ್ ಬಾಡಿಗೆಗೆ ಕೊಡುವ ಮೊದಲು

ಊರಿನ ಕಡೆಯಿಂದ ಬರುವ ಒಂದು ಆಸೆಯ ಬಗ್ಗೆ ಹೇಳದೆ ಇರಲಾಗದು. ಪದವಿ ಆಗಿ ನೋಂದಣಿ ಸಿಕ್ಕ ಕೂಡಲೇ ಯಾರಾದರೂ ಬಂದು, 'ನೀನು ಹೇಗಿದ್ದರೂ ಮುಂದೆ ಓದೋಕೆ ಹೋಗ್ತೀಯ, ನಿನ್ನ ಸರ್ಟಿಫಿಕೇಟ್ ನಮ್ಮ ಮೆಡಿಕಲ್‌ನಲ್ಲಿ ಹಾಕೋಣ, ತಿಂಗಳಿಗೆ ಇಷ್ಟು ಕೊಡ್ತೀವಿ' ಎನ್ನುತ್ತಾರೆ. ಸಾಲ ಇರುವ ಮನೆಗೆ ಇದು ಕೂತಲ್ಲೇ ಬರುವ ಆದಾಯದಂತೆ ಕಾಣುತ್ತದೆ. 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ವೈದ್ಯರ ಚೀಟಿಯ ಮೇಲೆ ಔಷಧ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟ್; ಗೋಡೆಯ ಮೇಲಿನ ಚೌಕಟ್ಟಲ್ಲ. ನೀವು ಮೈಸೂರಿನ ವಾರ್ಡಿನಲ್ಲಿರುವಾಗ ಹೊನ್ನಾಳಿಯ ಅಂಗಡಿಯಲ್ಲಿ ನಿಮ್ಮ ಹೆಸರಿನಲ್ಲಿ ತಪ್ಪು ಔಷಧ ಹೋದರೆ ಉತ್ತರ ಹೇಳಬೇಕಾದವರಲ್ಲಿ ನೀವೂ ಒಬ್ಬರು. ವೃತ್ತಿಗೂ ಅದರಿಂದ ಪೆಟ್ಟು ಬೀಳಬಹುದು. ಅಮೆರಿಕದ ಸಮಾನತಾ ಪ್ರಮಾಣಪತ್ರಕ್ಕೆ ನೋಂದಣಿಯ ದಾಖಲೆ ಹೋಗಬೇಕು. ನಮ್ಮವರಿಗೆ ಅದು ಬರುವುದು ಬೆಂಗಳೂರಿನ ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್‌ನಿಂದ. ಅಲ್ಲಿ ನಿಮ್ಮ ಹೆಸರಿನ ಮುಂದೆ ದೂರು ಇರಬಾರದು. ನೋಂದಣಿ ನವೀಕರಣವೂ ತಪ್ಪಿರಬಾರದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ ತರಿಸಬೇಕಾದ ಅಂಕಪಟ್ಟಿಯ ಅಧಿಕೃತ ಪ್ರತಿಗೂ ಸಮಯ ಹಿಡಿಯುತ್ತದೆ. ಇವೆರಡಕ್ಕೂ ಪದವಿ ಪ್ರಮಾಣಪತ್ರ ಕೈಗೆ ಬಂದ ತಿಂಗಳಲ್ಲೇ ಅರ್ಜಿ ಹಾಕಿಬಿಡಿ, ನವೆಂಬರ್‌ವರೆಗೆ ಕಾಯಬೇಡಿ.